ರಾಷ್ಟ್ರಚಿಂತನೆಯ ಗ್ರಂಥವೂ ಬಸ್ತಿಹಳ್ಳಿಯ ಶಾಸನವೂ



ನಿವೃತ್ತಿಯ ಬಳಿಕ ಒಂದು ಗ್ರಂಥವನ್ನು ಬರೆಯಬೇಕೆಂಬ ಹಂಬಲ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗಿದೆ. ಅದು ಶ್ಲಾಘ್ಯವಾದುದೇ. ಪ್ರಸಾದನಿಲಯದಲ್ಲಿ ಉಂಡು, ಓದಿ, ಮೂರು ನಾಲ್ಕು ದಶಕಗಳ ಕಾಲ ಊರೂರುಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ಬಂದವರು ತಾವು ಕಂಡುದನ್ನು ಬರೆದಿಟ್ಟರೆ ನಾಡಿಗೆ ಉಪಕಾರವಲ್ಲದೆ ಮತ್ತೇನು? ಅರಸೀಕೆರೆಯ ಕಡೆಯ ಅಂಥ ಒಬ್ಬ ನಿವೃತ್ತ ಉಪಾಧ್ಯಾಯರು ತಾವು ಬರೆಯಲಿರುವ ಗ್ರಂಥದ ಯೋಜನೆಯನ್ನೂ ಮೊದಲ ಎರಡು ಅಧ್ಯಾಯಗಳ ಕರಡನ್ನೂ ಅಭಿಪ್ರಾಯಕ್ಕಾಗಿ ಕಳುಹಿಸಿದ್ದಾರೆ. ವಿಷಯ, ರಾಷ್ಟ್ರದ ನೈತಿಕ ಹಾಗೂ ಸಾಮಾಜಿಕ ಸಮಸ್ಯೆಗಳು. ಅಧ್ಯಾಯಗಳು ಇಪ್ಪತ್ತನಾಲ್ಕು. ಇಂಥ ಯೋಜನೆಯನ್ನು ಮನಸ್ಸಿನಲ್ಲಿಟ್ಟುಕೊಂಡವರು ನಮ್ಮ ವಾಚಕರಲ್ಲಿ ಇನ್ನೂ ಹಲವರಿರಬಹುದಾದ್ದರಿಂದ, ಅವರ ಅನುಮತಿ ಪಡೆದು, ಹೆಸರನ್ನು ಬಿಟ್ಟು, ಆ ಯೋಜನೆಯ ವಿಮರ್ಶೆಯನ್ನು ಇಲ್ಲಿಯೇ ಮಾಡಲು ಉದ್ಯುಕ್ತನಾಗಿದ್ದೇನೆ.

ಅಧ್ಯಾಯಗಳ ಹೆಸರುಗಳನ್ನು ನೋಡಿ: ಭ್ರಷ್ಟಾಚಾರ, ಜಾತೀಯತೆ, ವರದಕ್ಷಿಣೆ, ಮದ್ಯಪಾನ, ಯುವಜನರ ಅಶಿಸ್ತು, ಪರಿಸರ ನಾಶ, ಶಿಕ್ಷಣದ ಅಧೋಗತಿ, ಹೀಗೆ. ಪ್ರತಿಯೊಂದು ಅಧ್ಯಾಯವೂ ಕಾರಣ, ಪರಿಣಾಮ, ಪರಿಹಾರ ಎಂಬ ಮೂರು ಭಾಗಗಳಾಗಿ ವಿಭಾಗಗೊಂಡಿದೆ. ಕೊನೆಯಲ್ಲಿ ಉಪಸಂಹಾರ. ಪರೀಕ್ಷೆಯ ಪ್ರಬಂಧವನ್ನು ಜೀವಮಾನವೆಲ್ಲ ತಿದ್ದಿದವರ ಕೈಗೆ ಈ ಎರಕ ಸಹಜವಾಗಿಯೇ ಬಂದಿರುತ್ತದೆ. ಅದಕ್ಕಾಗಿ ಅವರನ್ನು ದೂರುವಂತಿಲ್ಲ. ಆದರೆ ಕರಡನ್ನು ಓದುತ್ತ ಹೋದಂತೆ ಒಂದು ವಿಚಿತ್ರವು ಕಣ್ಣಿಗೆ ಬೀಳುತ್ತದೆ. ಅಲ್ಲಿಯ ವಾಕ್ಯಗಳಿಗೆ ಕರ್ತೃಪದವೇ ಇಲ್ಲ. ಲಂಚವನ್ನು ಪಡೆಯಲಾಗುತ್ತಿದೆ, ವಧುವಿನ ಕಡೆಯವರನ್ನು ಪೀಡಿಸಲಾಗುತ್ತಿದೆ, ಕೆರೆಗಳನ್ನು ಮುಚ್ಚಲಾಗುತ್ತಿದೆ. ಪಡೆದವರಾರು, ಪೀಡಿಸಿದವರಾರು, ಮುಚ್ಚಿದವರಾರು? ಎಲ್ಲಿಯಾದರೂ ಕರ್ತೃ ಕಾಣಿಸಿಕೊಂಡರೆ ಅದು ‘ಸಮಾಜ’ ಅಥವಾ ‘ಇಂದಿನ ಜನ’. ಸಮಾಜವು ಯಾವ ಊರಿನ ಯಾವ ಬೀದಿಯಲ್ಲಿ ವಾಸವಾಗಿದೆಯೋ ಬಲ್ಲವರಿಲ್ಲ. ಇದು ಕೇವಲ ವ್ಯಾಕರಣದ ತೊಡಕೆಂದು ತಾವು ಭಾವಿಸಬಾರದು. ನೀತಿಯನ್ನು ಕುರಿತು ಬರೆಯುವ ಗ್ರಂಥದಲ್ಲಿ ಮಾಡಿದವನೇ ಕಾಣೆಯಾದರೆ ನೀತಿಯ ಪ್ರಶ್ನೆಯೇ ಹುಟ್ಟುವುದಿಲ್ಲ. ಮಳೆ ಬಾರದಿದ್ದುದಕ್ಕೆ ಮರುಗಿದಂತೆ ಮರುಗಬಹುದು, ಅಷ್ಟೆ.

ಈ ಮಾತಿಗೆ ನಿದರ್ಶನವಾಗಿ ನಮ್ಮ ಉಪಾಧ್ಯಾಯರು ವಾಸಿಸುವ ಸೀಮೆಯಲ್ಲಿಯೇ ಇರುವ ಎರಡು ಬರಹಗಳನ್ನು ಎದುರುಬದುರು ಇಟ್ಟು ನೋಡೋಣ. ಬೇಲೂರಿನ ಕೇಶವ ದೇವಾಲಯದ ಶಾಸನದಲ್ಲಿ, ಎಲ್ಲ ಮತದವರೂ ಬೇರೆ ಬೇರೆ ಹೆಸರುಗಳಿಂದ ಉಪಾಸಿಸುವ ದೈವವು ಒಂದೇ ಎಂಬರ್ಥದ ಸಂಸ್ಕೃತ ಶ್ಲೋಕವಿದೆ. ಅದನ್ನು ಕೇಳದವರಿಲ್ಲ. ಸರ್ವಧರ್ಮ ಸಮ್ಮೇಳನಗಳಲ್ಲಿ ಅದು ಮೊಳಗುತ್ತದೆ. ನಮ್ಮ ಉಪಾಧ್ಯಾಯರ ಯೋಜನೆಯಲ್ಲಿಯೂ ಅದು ಮೊದಲ ಪುಟಕ್ಕೆಂದು ಆಯ್ಕೆಯಾಗಿದೆ. ಶ್ಲೋಕವು ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಓದಿ ಯಾರೂ ತಲೆ ತಗ್ಗಿಸಬೇಕಾದ ಪ್ರಸಂಗ ಬರುವುದಿಲ್ಲ.

ಅಲ್ಲಿಂದ ನಾಲ್ಕು ಹರಿದಾರಿಯೊಳಗೆ, ಹಳೇಬೀಡಿನ ಬಸ್ತಿಹಳ್ಳಿಯಲ್ಲಿ, ಮತ್ತೊಂದು ಶಾಸನವಿದೆ. ಹೊಯ್ಸಳೇಶ್ವರನನ್ನು ನೋಡಲು ಬಂದ ಯಾತ್ರಿಕರು ಅಷ್ಟು ದೂರ ನಡೆಯುವುದು ಕಡಿಮೆ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೂ ಜನರ ದಟ್ಟಣೆಯೆಲ್ಲ ದೊಡ್ಡ ಗುಡಿಯ ಮುಂದೆಯೇ. ಬಸ್ತಿಹಳ್ಳಿಯಲ್ಲಿ ಮೂರು ಬಸದಿಗಳಿವೆ. ಅವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಸ್ಮರಣೆಗಾಗಿ ಆತನ ಮಗ ಬೊಪ್ಪದೇವನು ೧೧೩೩ರಲ್ಲಿ ಕಟ್ಟಿಸಿದನು. ದೇವರ ಪ್ರತಿಷ್ಠೆಯ ಪ್ರಸಾದವು ಬಂಕಾಪುರದಲ್ಲಿದ್ದ ದೊರೆಗೆ ತಲುಪುವ ಹೊತ್ತಿಗೆ ಯುದ್ಧದಲ್ಲಿ ಜಯವೂ ಅರಮನೆಯಲ್ಲಿ ಪುತ್ರೋತ್ಸವವೂ ಒದಗಿದ್ದರಿಂದ ಆ ದೇವರಿಗೆ ವಿಜಯಪಾರ್ಶ್ವನೆಂಬ ಹೆಸರು ಬಂದಿತು. ಕನ್ನಡಿಯಂತೆ ಹೊಳೆಯುವ ಅಲ್ಲಿಯ ಕಂಬಗಳನ್ನು ಕಂಡವರು ಮರೆಯಲಾರರು.

ಆ ಕಂಬಗಳದೇ ಕಥೆ ಇದು. ಬಸದಿ ಕಟ್ಟಿ ಐದು ಶತಮಾನಗಳು ಕಳೆದಿದ್ದವು. ಹೊಯ್ಸಳರು ಅಳಿದು, ವಿಜಯನಗರವೂ ಬಿದ್ದು, ಬೇಲೂರಿನಲ್ಲಿ ನಾಯಕರ ಆಳ್ವಿಕೆ ನಡೆದಿದ್ದ ಕಾಲ. ಹುಚ್ಚಪ್ಪದೇವನೆಂಬ ವೀರಶೈವನು ವಿಜಯಪಾರ್ಶ್ವನ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಇಷ್ಟರಿಂದ ಏನಾಗಬಹುದಿತ್ತೆಂಬುದನ್ನು ಇಂದಿನ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆದದ್ದು ಬೇರೆ. ಜೈನ ಶೆಟ್ಟರುಗಳು ದೂರನ್ನು ತೆಗೆದುಕೊಂಡು ಹೋದುದು ವೀರಶೈವರ ಮಹಾಮಹತ್ತಿನ ಮುಂದಕ್ಕೆ. ಮಹಾಮಹತ್ತಿನವರು ಸೇರಿ, ವಿಚಾರಿಸಿ, ೧೬೩೮ರಲ್ಲಿ ಒಂದು ತೀರ್ಮಾನವನ್ನು ಕಲ್ಲಿನ ಮೇಲೆ ಬರೆಯಿಸಿದರು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಅನಂತರ ತಮ್ಮ ದೇವರ ಪೂಜೆ, ಅಲಂಕಾರ, ದೀಪಾರಾಧನೆಗಳನ್ನು ಪೂರ್ವದ ಮರ್ಯಾದೆಯಂತೆ ಆಚಂದ್ರಾರ್ಕವಾಗಿ ನಡೆಸಿಕೊಂಡು ಹೋಗತಕ್ಕದ್ದು. ಈ ಜೈನಧರ್ಮಕ್ಕೆ ಅಡ್ಡಿ ಮಾಡಿದವನು ಮಹಾಮಹತ್ತಿನ ಪಾದಕ್ಕೆ ಹೊರಗು. ಅವನು ಶಿವದ್ರೋಹಿ, ಜಂಗಮದ್ರೋಹಿ. ವಿಭೂತಿ ರುದ್ರಾಕ್ಷಿಗಳಿಗೂ ಕಾಶೀ ರಾಮೇಶ್ವರಗಳ ಲಿಂಗಕ್ಕೂ ತಪ್ಪಿದವನು.

ವಾಚಕರು ಈ ಕಡೆಯ ಮಾತನ್ನು ನಿಧಾನವಾಗಿ ಪರಿಭಾವಿಸಬೇಕು. ವಿಭೂತಿಗೂ ಲಿಂಗಕ್ಕೂ ತಪ್ಪುವುದೆಂಬ ಶಾಪ ಯಾರಿಗೆ ತಟ್ಟುವಂಥದು? ಜೈನನಿಗಂತೂ ಅಲ್ಲ. ತೀರ್ಪು ಕೊಟ್ಟ ಹಿರಿಯರು ಶಿಕ್ಷೆಯನ್ನು ಗೊತ್ತುಮಾಡಿದ್ದು ತಮ್ಮವರಿಗೆ. ಇದೇ ಹಾಸನ ಸೀಮೆಯ ಶ್ರವಣಬೆಳಗೊಳದಲ್ಲಿ ೧೩೬೮ರ ಇನ್ನೊಂದು ಪ್ರಸಿದ್ಧ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಹುಟ್ಟಿದ ಕಲಹವನ್ನು ಬುಕ್ಕರಾಯನು ಪರಿಹರಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನೆಂದು ಅದು ಹೇಳುತ್ತದೆ. ಅದು ರಾಜಾಜ್ಞೆ. ರಾಜನಾದವನಿಗೆ ಎರಡು ಪಕ್ಷದವರೂ ಪ್ರಜೆಗಳೇ. ಹಳೇಬೀಡಿನದು ಹಾಗಲ್ಲ, ತಪ್ಪಿತಸ್ಥನು ತಮ್ಮವನೇ ಆಗಿರುವಾಗ ತಮ್ಮವರೇ ಕುಳಿತು ಮಾಡಿದ ನಿರ್ಣಯ. ಎರಡರಲ್ಲಿ ಯಾವುದು ಕಷ್ಟವೆಂಬುದನ್ನು ಮನೆಯ ಯಜಮಾನಿಕೆ ನಡೆಸಿದವರು ಬಲ್ಲರು.

ಹಾಗೆಂದು ಈ ಶಾಸನವನ್ನು ಹೊಗಳಿ ಹೊತ್ತು ಮೆರೆಸುವುದೂ ವಿಮರ್ಶೆಯಲ್ಲ. ವಿಭೂತಿ ವೀಳ್ಯಗಳನ್ನು ಮೊದಲು ಸಲ್ಲಿಸಬೇಕೆಂಬ ನಿಬಂಧನೆಯನ್ನು ನೋಡಿ. ತಮ್ಮದೇ ಬಸದಿಯಲ್ಲಿ ತಮ್ಮ ದೇವರನ್ನು ಪೂಜಿಸಲು ಜೈನರು ಅನ್ಯಮತದ ಲಾಂಛನಕ್ಕೆ ಮೊದಲು ಮರ್ಯಾದೆ ತೋರಬೇಕಾಯಿತು. ಬಲವುಳ್ಳವರು ನ್ಯಾಯವನ್ನು ಕೊಟ್ಟರು. ಜೊತೆಗೆ ತಾವು ಬಲವುಳ್ಳವರೆಂಬುದನ್ನೂ ಕಲ್ಲಿನಲ್ಲಿ ಬರೆಯಿಸಿದರು. ಈ ಎರಡೂ ಸಂಗತಿಗಳು ಒಂದೇ ಶಾಸನದಲ್ಲಿರುವುದರಿಂದಲೇ ಅದು ನಮ್ಮ ಗ್ರಂಥಕರ್ತರಿಗೆ ಬೇಲೂರಿನ ಶ್ಲೋಕಕ್ಕಿಂತ ಹೆಚ್ಚು ಉಪಯುಕ್ತ. ಅಲ್ಲಿ ಮಾಡಿದವನ ಹೆಸರಿದೆ, ಮಾಡಿದ ಕೃತ್ಯವಿದೆ, ದೂರು ಇದೆ, ನಿರ್ಣಯವಿದೆ, ನಿರ್ಣಯದ ಊನವೂ ಇದೆ. ಮೊದಲ ಪುಟಕ್ಕೆ ಶ್ಲೋಕವನ್ನೇ ಇಡಬೇಕೆಂದಿದ್ದರೆ ಇಡಲಿ, ಅಡ್ಡಿಯಿಲ್ಲ. ಆದರೆ ಮೊದಲ ಅಧ್ಯಾಯಕ್ಕೆ ಈ ಶಾಸನವೇ ಬರಲಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಇದರಿಂದ ಇನ್ನೊಂದು ಲಾಭವೂ ಇದೆ. ಕರಡಿನಲ್ಲಿ ಹಿಂದಿನ ಕಾಲವೆಲ್ಲ ಬಂಗಾರ, ಇಂದಿನದೆಲ್ಲ ಕಬ್ಬಿಣ ಎಂಬ ರಾಗವು ಪುಟಪುಟದಲ್ಲಿ ಕೇಳಿಸುತ್ತದೆ. ನಮ್ಮ ಸೀಮೆಯ ಹೊಲಬದುಗಳಲ್ಲಿ ನಿಂತಿರುವ ವೀರಗಲ್ಲುಗಳು ಏನನ್ನು ಸಾರುತ್ತವೆ? ತುರುಗೋಳ್, ಊರಳಿವು, ಪೆಣ್ಬುಯ್ಯಲ್: ದನಗಳನ್ನು ಹೊಡೆದುಕೊಂಡು ಹೋದರು, ಊರನ್ನು ಸುಟ್ಟರು, ಹೆಂಗಸರ ಮೇಲೆ ಕೈ ಮಾಡಿದರು, ತಡೆಯಲು ಹೋದವನು ಸತ್ತನು. ಹೊಯ್ಸಳರ ವೈಭವವು ಗುಡಿಯ ಭಿತ್ತಿಯ ಮೇಲೆ ಇದ್ದ ಹಾಗೆಯೇ ಈ ಸಂಕಟವೂ ಬಯಲಿನಲ್ಲಿ ಇತ್ತು. ೧೨೨೦ರ ಸುಮಾರಿಗೆ ಅರಸಿಯಕೆರೆಯೆಂಬ ಒಂದೇ ಊರಿನಲ್ಲಿ ಶಿವಾಲಯವೂ ರೇಚರಸನ ಸಹಸ್ರಕೂಟ ಜಿನಾಲಯವೂ ಎದ್ದವೆಂಬುದು ಹೆಮ್ಮೆಯ ವಿಷಯವೇ ಸರಿ. ಹೆಮ್ಮೆಯನ್ನೂ ಸಂಕಟವನ್ನೂ ಕೂಡಿಯೇ ಹೇಳಬೇಕು. ಇಲ್ಲದಿದ್ದರೆ ಓದಿದ ಹುಡುಗನು ತಾನೇ ಪ್ರಪಂಚದ ಮೊದಲ ಪಾಪಿಯೆಂದು ತಿಳಿದಾನು.

ಇನ್ನು, ರಾಷ್ಟ್ರವೆಂಬ ಇಷ್ಟು ದೊಡ್ಡ ವಿಷಯವನ್ನು ಗ್ರಂಥಕ್ಕೆ ಅಳವಡಿಸಿದವರು ಹೇಗೆ ಅಳವಡಿಸಿದರು ಎಂಬ ಪ್ರಶ್ನೆ. ನಮ್ಮ ಉಪಾಧ್ಯಾಯರು ಆದರ್ಶವಾಗಿ ಇಟ್ಟುಕೊಂಡಿರುವುದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. ದಿವಾನಗಿರಿಯನ್ನು ಬಿಟ್ಟ ಎರಡು ವರ್ಷಗಳ ತರುವಾಯ, ೧೯೨೦ರಲ್ಲಿ, ಅವರು ಭಾರತದ ಪುನರ್ನಿರ್ಮಾಣವನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ೧೯೩೪ರಲ್ಲಿ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತ ಗ್ರಂಥವನ್ನು ಹೊರತಂದರು. ಅಂಕಿ ಅಂಶ, ಹೋಲಿಕೆ, ಕಾರ್ಯಕ್ರಮ, ಗಡುವು, ಎಲ್ಲವೂ ಅಣೆಕಟ್ಟಿನ ನಕ್ಷೆಯಂತೆ ಸ್ಪಷ್ಟ. ಆದರೆ ಅವರ ರಾಜೀನಾಮೆಗೆ ಹಿನ್ನೆಲೆಯಾಗಿದ್ದ ಪ್ರಶ್ನೆ, ಎಂದರೆ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು, ಅದೇ ೧೯೧೮ರಲ್ಲಿ ಮಿಲ್ಲರ್ ಸಮಿತಿಯ ನೇಮಕಕ್ಕೆ ಕಾರಣವಾದ ಪ್ರಶ್ನೆ, ನಕ್ಷೆಯಲ್ಲಿ ತೋರಿಸಿ ಮುಗಿಸಬಹುದಾದದ್ದಾಗಿರಲಿಲ್ಲ. ದಕ್ಷತೆಯೇ ನೀತಿಯೆಂದು ನಂಬಿದ ಮಹಾನುಭಾವರು ಅವರು. ಆ ದಾರಿಯಲ್ಲಿ ಹೋಗಲು ಅವರಷ್ಟು ಅಂಕಿಗಳು ಕೈಯಲ್ಲಿರಬೇಕು. ಅರಸೀಕೆರೆಯ ಮನೆಯಲ್ಲಿ ಕುಳಿತವರಿಗೆ ಅದು ಸಾಧ್ಯವೇ?

ಗಾಂಧೀಜಿಯವರು ಬೇರೆ ದಾರಿ ಹಿಡಿದರು. ೧೯೦೯ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಾಕ್ಕೆ ಮರಳುವಾಗ ಹಡಗಿನಲ್ಲಿಯೇ, ಹತ್ತು ದಿವಸಗಳಲ್ಲಿ, ಬಲಗೈ ಸೋತಾಗ ಎಡಗೈಯಿಂದಲೂ ಬರೆದು ‘ಹಿಂದ್ ಸ್ವರಾಜ್’ ಮುಗಿಸಿದರು. ಅದು ಸಂಪಾದಕನಿಗೂ ವಾಚಕನಿಗೂ ನಡೆಯುವ ಸಂವಾದ. ವಾಚಕನು ಸುಮ್ಮನೆ ತಲೆದೂಗುವವನಲ್ಲ. ಕೆರಳುತ್ತಾನೆ, ಅಡ್ಡ ಹಾಯುತ್ತಾನೆ. ಈ ಸಂವಾದರೂಪವು ನಮ್ಮ ಸೀಮೆಗೆ ಹೊಸದಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಹೊಯ್ಸಳ ನರಸಿಂಹನ ಮಂತ್ರಿಯಾಗಿದ್ದು, ಬೇಲೂರಿನ ಕೆರೆಯನ್ನು ಕಟ್ಟಿಸಿದ್ದರಿಂದ ಕೆರೆಯ ಪದ್ಮರಸನೆಂದು ಹೆಸರಾದ ಕವಿಯ ‘ದೀಕ್ಷಾಬೋಧೆ’ಯೂ ಗುರುಶಿಷ್ಯರ ಸಂವಾದವೇ. ಪ್ರಶ್ನೆ ಕೇಳುವವನೊಬ್ಬನು ಎದುರಿಗಿದ್ದರೆ ಬರೆಯುವವನು ಸುಲಭವಾಗಿ ಜಾರಿಕೊಳ್ಳಲಾರ.

ಎದುರಿಗಿದ್ದವರೇ ಅಸಮಾಧಾನಗೊಂಡಾಗ ಏನಾಗುತ್ತದೆಂಬುದಕ್ಕೆ ಡಾ. ಅಂಬೇಡ್ಕರರ ಪ್ರಸಂಗವಿದೆ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ೧೯೩೬ರ ಸಮ್ಮೇಳನದ ಅಧ್ಯಕ್ಷ ಭಾಷಣಕ್ಕೆ ಅವರನ್ನು ಕರೆದರು. ಜಾತಿಯನ್ನು ಮುರಿಯಬೇಕೆಂದೇ ಹುಟ್ಟಿದ ಮಂಡಲ ಅದು! ಭಾಷಣದ ಪ್ರತಿ ಕೈಗೆ ಬಂದಾಗ ಕೆಲವು ಭಾಗಗಳನ್ನು ಬಿಡಬೇಕೆಂದರು. ಅವರು ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಮ್ಮೇಳನವೇ ನಿಂತುಹೋಯಿತು. ಸ್ವಂತ ಖರ್ಚಿನಿಂದ ಒಂದೂವರೆ ಸಾವಿರ ಪ್ರತಿಗಳನ್ನು ಅಚ್ಚು ಹಾಕಿಸಿ ಹಂಚಿದರು. ಸುಧಾರಣೆಯನ್ನು ಬಯಸುವವರಿಗೂ ಯಾವುದೋ ಒಂದು ಪುಟದಲ್ಲಿ ಮುಳ್ಳು ಚುಚ್ಚುತ್ತದೆ. ಆ ಪುಟವನ್ನು ಬಿಡದಿದ್ದುದರಿಂದಲೇ ಆ ಚಿಕ್ಕ ಗ್ರಂಥವು ಇಂದಿಗೂ ಉಳಿದಿದೆ.

ಹೊರದೇಶದ ಒಂದು ನಿದರ್ಶನವನ್ನೂ ಸಂಕ್ಷೇಪವಾಗಿ ಹೇಳಬಹುದು. ಅಮೆರಿಕದ ಕಪ್ಪು ಜನರ ಸ್ಥಿತಿಯನ್ನು ಪರಿಶೀಲಿಸಲು ಕಾರ್ನೆಗಿ ಸಂಸ್ಥೆಯು ಸ್ವೀಡನ್ನಿನ ಗುನ್ನಾರ್ ಮಿರ್ಡಾಲರನ್ನು ಕರೆಸಿತು. ೧೯೪೪ರಲ್ಲಿ ಹೊರಬಂದ ಆ ಬೃಹದ್ಗ್ರಂಥದ ತಿರುಳು, ಸಮಸ್ಯೆ ಇರುವುದು ಕಪ್ಪು ಜನರಲ್ಲಲ್ಲ, ಸಮಾನತೆಯ ಮಾತನಾಡುತ್ತ ಬೇರೆಯಾಗಿ ನಡೆದುಕೊಳ್ಳುವ ಬಿಳಿಯರ ಅಂತಃಕರಣದಲ್ಲಿ ಎಂಬುದು. ನುಡಿಗೂ ನಡೆಗೂ ಇರುವ ಅಂತರವೇ ಸಮಸ್ಯೆ ಎಂಬ ಮಾತು ಶರಣರ ಮಕ್ಕಳಾದ ನಮಗೆ ಪರಕೀಯವೆನಿಸದು. ಅದೇ ಪಂಡಿತರು ಏಷ್ಯದ ಬಡತನವನ್ನು ಕುರಿತು ೧೯೬೮ರಲ್ಲಿ ಮೂರು ಸಂಪುಟಗಳನ್ನು ಬರೆದರು. ವಿದ್ವತ್ತು ಅಗಾಧ. ಆದರೆ ಅಲ್ಲಿ ನಮ್ಮ ನಾಡು ಬೆಟ್ಟದ ಮೇಲಿನಿಂದ ಕಂಡ ಊರಿನಂತೆ ಇದೆ: ಮಾಳಿಗೆಗಳು ಕಾಣುತ್ತವೆ, ಮುಖಗಳು ಕಾಣುವುದಿಲ್ಲ.

ಮುಖಗಳನ್ನು ಕಂಡವರು ನಮ್ಮವರೇ ಆದ ಪ್ರೊ. ಎಂ. ಎನ್. ಶ್ರೀನಿವಾಸರು. ೧೯೪೮ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ವಾಸವಿದ್ದು ಅವರು ಸಂಗ್ರಹಿಸಿ, ವಿಂಗಡಿಸಿ ಇಟ್ಟುಕೊಂಡಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ೧೯೭೦ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಅವರು ನೆನಪಿನಿಂದಲೇ ಆ ಹಳ್ಳಿಯನ್ನು ಬರೆದರು. ೧೯೭೬ರಲ್ಲಿ ಗ್ರಂಥವು ಪ್ರಕಟವಾಯಿತು. ಟಿಪ್ಪಣಿ ಸುಟ್ಟ ಮೇಲೆ ಉಳಿದುದು ಹಳ್ಳಿಯ ಹಿರಿಯರು, ಅವರ ಜಗಳ, ಅವರ ಹಾಸ್ಯ, ಅವರ ಲೆಕ್ಕಾಚಾರ. ಕಾರಣ, ಪರಿಣಾಮ, ಪರಿಹಾರಗಳ ಪಟ್ಟಿ ಬೆಂಕಿಯಲ್ಲಿ ಉಳಿಯುವಂಥದಲ್ಲ.

ಇಷ್ಟು ದೂರ ಹೋಗುವುದೇಕೆ? ಹರಿಹರನು ದೋರಸಮುದ್ರದ ಆಸ್ಥಾನದಲ್ಲಿ ಲೆಕ್ಕ ಬರೆಯುವ ಕರಣಿಕನಾಗಿದ್ದನೆಂದು ಪ್ರತೀತಿ. ಆ ಲೆಕ್ಕದ ಪುಸ್ತಕವನ್ನು ಬಿಟ್ಟು ಹಂಪೆಗೆ ಹೋಗಿ ಅವನು ಯಾರನ್ನು ಕುರಿತು ರಗಳೆ ಬರೆದನು? ಕುಂಬಾರ ಗುಂಡಯ್ಯನನ್ನು, ಮಾದಾರ ಚೆನ್ನಯ್ಯನನ್ನು, ಮಹಾದೇವಿಯಕ್ಕನನ್ನು. ಭಕ್ತಿಯ ಲಕ್ಷಣ, ಭಕ್ತಿಯ ಕಾರಣ, ಭಕ್ತಿಯ ಪ್ರಯೋಜನ ಎಂದು ಅಧ್ಯಾಯ ಮಾಡಲಿಲ್ಲ.

ಇನ್ನು ಕಠಿಣವಾದ ಮಾತಿಗೆ ಬರೋಣ. ಕರಡಿನ ಎರಡನೆಯ ಅಧ್ಯಾಯವು ಜಾತೀಯತೆಯನ್ನು ಕುರಿತದ್ದು. ಅದರಲ್ಲಿ ಕಲ್ಯಾಣದ ಹರಳಯ್ಯ ಮಧುವರಸರ ಮಕ್ಕಳ ವಿವಾಹದ ಪ್ರಸ್ತಾಪವು ಹೃದಯಂಗಮವಾಗಿ ಬಂದಿದೆ. ರಾಜಕಾರಣಿಗಳು ಜಾತಿಯನ್ನು ಬಳಸಿಕೊಳ್ಳುವರೆಂಬ ಖಂಡನೆಯಿದೆ. ಆದರೆ ನಮ್ಮ ಮನೆಗಳಲ್ಲಿ ಹೆಣ್ಣು ಗಂಡು ನೋಡುವಾಗ ಮೊದಲು ಕೇಳುವ ಪ್ರಶ್ನೆ ಯಾವುದು? ಲಿಂಗವಂತರೇ ಎಂದಲ್ಲ, ನೊಣಬರೋ, ಸಾದರೋ, ಬಣಜಿಗರೋ, ಜಂಗಮರೋ ಎಂದು. ವಧೂವರರ ಜಾಹೀರಾತುಗಳು ಇದನ್ನು ಮುಚ್ಚಿಡುವುದೂ ಇಲ್ಲ. ಹರಳಯ್ಯನ ಹೆಸರಿನಲ್ಲಿ ಭಾಷಣ ಮಾಡಿ ಬಂದ ಸಂಜೆಯೇ ಒಳಪಂಗಡ ಕೂಡಿಬರಲಿಲ್ಲವೆಂದು ಸಂಬಂಧವನ್ನು ತಿರುಗಿಸಿ ಕಳುಹಿಸಿದವರು ನಮ್ಮಲ್ಲಿ ಇಲ್ಲವೆ? ಈ ಸಂಗತಿಯು ಆ ಅಧ್ಯಾಯದ ಒಂದು ಸಾಲಿನಲ್ಲಿಯೂ ಇಲ್ಲ. ವರದಕ್ಷಿಣೆಯ ಅಧ್ಯಾಯದ ಟಿಪ್ಪಣಿಯೂ ಹಾಗೆಯೇ. ನಿಷೇಧದ ಕಾಯಿದೆ ೧೯೬೧ರಷ್ಟು ಹಳೆಯದು. ಈಗ ಯಾರೂ ವರದಕ್ಷಿಣೆ ಎನ್ನುವುದಿಲ್ಲ. ಮದುವೆಯ ಖರ್ಚು, ಹುಡುಗನಿಗೊಂದು ಕಾರು, ಊರಿನಲ್ಲೊಂದು ನಿವೇಶನ ಎನ್ನುತ್ತಾರೆ. ಹೆಸರು ಬದಲಾದ ಬಗೆಯೇ ಒಂದು ಅಧ್ಯಾಯಕ್ಕೆ ಸಾಕು.

ನಮ್ಮ ಮಾಸಿಕದಲ್ಲಿ ಇದನ್ನು ಬರೆಯಬೇಕೆ, ಸದ್ಭಕ್ತರು ನೊಂದುಕೊಳ್ಳರೆ ಎಂದು ಹಿತೈಷಿಗಳೊಬ್ಬರು ಕೇಳಿದರು. ಬಸ್ತಿಹಳ್ಳಿಯ ಕಲ್ಲನ್ನು ಬರೆಯಿಸಿದ ಹಿರಿಯರಿಗೂ ಈ ಅಳುಕು ಇದ್ದಿರಲೇಬೇಕು. ತಮ್ಮವನಾದ ಹುಚ್ಚಪ್ಪದೇವನ ಹೆಸರನ್ನು ಅವರು ಬಿಟ್ಟುಬಿಡಬಹುದಿತ್ತು. ಮುದ್ರೆಯನ್ನು ಒತ್ತಲಾಯಿತು, ಅಳಿಸಲಾಯಿತು ಎಂದು ಬರೆಯಿಸಬಹುದಿತ್ತು. ಬರೆಯಿಸಲಿಲ್ಲ.

ಹಾಗೆಂದು ಇಂದು ಬದುಕಿರುವವರ ಹೆಸರುಗಳನ್ನೆಲ್ಲ ಗ್ರಂಥದಲ್ಲಿ ಎಳೆದು ತರಬೇಕೆಂದು ನಾನು ಹೇಳುತ್ತಿಲ್ಲ. ನೊಂದ ಹೆಣ್ಣುಮಗಳ ಹೆಸರು, ಊರು, ಮನೆತನಗಳನ್ನು ಮರೆಮಾಡುವುದು ಬರೆಯುವವನ ಕರ್ತವ್ಯ. ಹೆಸರನ್ನು ಮರೆಮಾಡಿಯೂ ಕೃತ್ಯವನ್ನು ನಿಚ್ಚಳವಾಗಿ ಹೇಳಬಹುದು. ಯಾರು ಏನು ಕೇಳಿದರು, ಎಷ್ಟು ಕೇಳಿದರು, ಹುಡುಗಿಯ ತಂದೆ ಯಾವ ತೋಟವನ್ನು ಮಾರಿದನು ಎಂಬುದಿದ್ದರೆ ಸಾಕು.

ತೋಟವೆಂದ ಕೂಡಲೆ ಪರಿಸರದ ಅಧ್ಯಾಯ ನೆನಪಾಗುತ್ತದೆ. ಅದರ ಟಿಪ್ಪಣಿಯಲ್ಲಿ ಭೂಮಂಡಲದ ತಾಪಮಾನವಿದೆ, ಹಿಮಾಲಯದ ನೀರ್ಗಲ್ಲುಗಳಿವೆ; ಅರಸಿಯ ಕೆರೆಯೆಂಬ ಹೆಸರನ್ನೇ ಹೊತ್ತ ಊರಿನವರ ಗ್ರಂಥದಲ್ಲಿ ಕೆರೆಯೊಂದಿಲ್ಲ. ಅರಸೀಕೆರೆ, ತಿಪಟೂರುಗಳ ಸೀಮೆಯ ಬದುಕು ನಿಂತಿರುವುದು ತೆಂಗಿನ ಮೇಲೆ. ೨೦೨೪ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ ೧೨,೦೦೦ ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿದಾಗ ಆ ಒಂದು ಅಂಕಿಯ ಮೇಲೆ ಎಷ್ಟು ಮನೆಗಳ ಮದುವೆ ಮುಂಜಿಗಳು ತೂಗುತ್ತಿದ್ದವೆಂಬುದನ್ನು ಅಲ್ಲಿಯವರೇ ಹೇಳಬೇಕು. ಆ ತೆಂಗನ್ನು ಉಳಿಸಲು ಒಬ್ಬನು ಆಳವಾಗಿ ಕೊಳವೆ ಬಾವಿ ಕೊರೆಯಿಸುತ್ತಾನೆ. ಪಕ್ಕದವನ ಬಾವಿ ಬತ್ತುತ್ತದೆ. ಕೊರೆಯಿಸಿದವನು ಕಳ್ಳನೆ? ತನ್ನ ಭೂಮಿಯ ಅಡಿಯ ನೀರು ತನ್ನದೆಂದೇ ನಮ್ಮ ಜನ ತಲೆತಲಾಂತರದಿಂದ ನಂಬಿದ್ದಾರೆ. ೨೦೧೧ರಲ್ಲಿ ರಾಜ್ಯವು ಅಂತರ್ಜಲದ ನಿಯಂತ್ರಣಕ್ಕೆ ಕಾಯಿದೆ ಮಾಡಿದ್ದರೂ ಆ ನಂಬಿಕೆ ಕದಲಿಲ್ಲ. ದುಷ್ಟನೊಬ್ಬನೂ ಇಲ್ಲದೆ ನಡೆಯುವ ಅನ್ಯಾಯವಿದು. ರಾಷ್ಟ್ರದ ನೈತಿಕ ಸಮಸ್ಯೆಯೆಂದರೆ ಇದಕ್ಕಿಂತ ಸೂಕ್ಷ್ಮವಾದುದು ಇನ್ನೆಲ್ಲಿ ದೊರೆತೀತು? ಕಾಲುವೆಯನ್ನು ಒತ್ತುವರಿ ಮಾಡಿದವನ ಮಗನೂ ನೀರಿಲ್ಲದೆ ಊರು ಬಿಟ್ಟವನ ಮಗನೂ ಇವರ ತರಗತಿಯ ಒಂದೇ ಮಣೆಯ ಮೇಲೆ ಕುಳಿತು ಓದಿರಲಾರರೆ?

ನನ್ನ ಸೂಚನೆ ಇಷ್ಟೆ. ಇಪ್ಪತ್ತನಾಲ್ಕು ಅಧ್ಯಾಯಗಳು ಏಳೋ ಎಂಟೋ ಆಗಲಿ. ಒಂದೊಂದೂ ಒಂದೊಂದು ನಡೆದ ಪ್ರಸಂಗವಾಗಲಿ. ಕರ್ತೃವಿಲ್ಲದ ವಾಕ್ಯ ಕಂಡಲ್ಲೆಲ್ಲ ಅವರು ವಿದ್ಯಾರ್ಥಿಗಳ ಪುಸ್ತಕದಲ್ಲಿ ಎಳೆಯುತ್ತಿದ್ದಂತೆ ಕೆಂಪು ಗೆರೆ ಎಳೆಯಲಿ. ಉಪಸಂಹಾರವನ್ನು ಈಗಲೇ ಬರೆದಿಟ್ಟಿದ್ದಾರೆ, ಅದನ್ನು ಬದಿಗಿಡಲಿ. ಶಾಲೆಯ ದಾಖಲಾತಿ ಪುಸ್ತಕಗಳು ಅವರಿಗೆ ಅಂಗೈ ನೆಲ್ಲಿಕಾಯಿ: ಯಾವ ಕೇರಿಯ ಹುಡುಗಿಯರು ಯಾವ ತರಗತಿಯಲ್ಲಿ ಶಾಲೆ ಬಿಟ್ಟರೆಂಬುದನ್ನು ಅವರಷ್ಟು ಬಲ್ಲವರು ದೆಹಲಿಯಲ್ಲಿ ಇಲ್ಲ.

ವಾಚಕರಿಂದಲೂ ಒಂದು ನೆರವು ಬೇಕಾಗಿದೆ. ಅರಸೀಕೆರೆ, ಜಾವಗಲ್ಲು, ಹಳೇಬೀಡು, ಬೇಲೂರುಗಳ ಸುತ್ತಿನ ಹಳೆಯ ಪಂಚಾಯಿತಿ ತೀರ್ಮಾನಗಳ ಕಾಗದ, ಕೆರೆ ಕಾಲುವೆಗಳ ಸರದಿಯನ್ನು ಬರೆದ ಕಡತ, ಮದುವೆಯ ಖರ್ಚಿನ ಪುಸ್ತಕಗಳು ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ, ಗೆದ್ದಲು ಹಿಡಿಯುವ ಮೊದಲು ಮಾಸಿಕದ ಕಾರ್ಯಾಲಯಕ್ಕೆ ತಿಳಿಸಬೇಕು. ಉಪಾಧ್ಯಾಯರು ಖುದ್ದಾಗಿ ಬಂದು ಪ್ರತಿ ಮಾಡಿಕೊಂಡು ಮೂಲವನ್ನು ಅಲ್ಲಿಯೇ ಬಿಟ್ಟು ಹೋಗುತ್ತಾರೆ. ಹೆಸರು ಪ್ರಕಟವಾಗಬಾರದೆಂದು ಬಯಸುವವರು ಹಾಗೆಂದು ಮೊದಲೇ ಸೂಚಿಸಿದರೆ ಅನುಕೂಲ.